ಮಲ್ಲಿಕಾವ್ಯ, ಚಂಪಾವನಿ, ಸುರಗಿರಿಜಾ, ನೀಮಲಾ: ಹೂಗಳಿಂದ ಬೆಸೆದ ಹೆಸರುಗಳು ಸರಿಯೆ?

ಪ್ರಶ್ನೆ

ಹೆಣ್ಣುಮಗುವಿಗೆ ಹೂವಿನ ಹೆಸರು ಬೇಕು, ಆದರೆ ಹಳೆಯದೂ ಆಗಬಾರದು ಎಂದು ಎರಡೆರಡು ಪದಗಳನ್ನು ಬೆಸೆದು ಮಾಡಿದ ನಾಲ್ಕು ಹೆಸರುಗಳಿವು: ಮಲ್ಲಿಕಾ + ಕಾವ್ಯ = ಮಲ್ಲಿಕಾವ್ಯ; ಚಂಪಾ + ಪಾವನಿ = ಚಂಪಾವನಿ; ಸುರಗಿ + ಗಿರಿಜಾ = ಸುರಗಿರಿಜಾ; ನೀಲ + ಕಮಲಾ = ನೀಮಲಾ. ಇವನ್ನು ಸಮಾಸ ಎನ್ನಬಹುದೆ? ವ್ಯಾಕರಣ ಒಪ್ಪುತ್ತದೆಯೆ? ಮನೆ ಬೆಂಗಳೂರಿನಲ್ಲಿ, ಅಕ್ಕಪಕ್ಕ ತೆಲುಗು, ತಮಿಳು, ಹಿಂದಿ ಮಾತಾಡುವವರೂ ಇದ್ದಾರೆ. ಬಲ್ಲವರು ತಿಳಿಸಬೇಕು.

ಉತ್ತರ

ಸಮಾಸವಲ್ಲ. ಇಂಥ ಸಂಸ್ಕೃತ ಪದಗಳ ಸಮಾಸದಲ್ಲಿ ಸಾಮಾನ್ಯವಾಗಿ ಎರಡೂ ಪದಗಳು ಇಡಿಯಾಗಿ ಉಳಿಯುತ್ತವೆ, ಬದಲಾಗುವುದು ಹೆಚ್ಚಾಗಿ ಸಂಧಿಯ ಜಾಗದಲ್ಲಿ. ಮಲ್ಲಿಕಾ, ಕಾವ್ಯ ಎರಡನ್ನೂ ಸಮಾಸ ಮಾಡಿದರೆ ‘ಮಲ್ಲಿಕಾಕಾವ್ಯ’ ಆಗಬೇಕು. ನೀವು ಒಂದು ‘ಕಾ’ ನುಂಗಿದ್ದೀರಿ. ಅದು ತಪ್ಪೇನಲ್ಲ, ಹೆಸರಿಗೆ ಅಷ್ಟು ಸ್ವಾತಂತ್ರ್ಯ ಇದ್ದೇ ಇದೆ. ಆದರೆ ಒಂದು ಮಾತು ನೆನಪಿರಲಿ: ನೀವು ಯಾವ ಪದಗಳನ್ನು ಸೇರಿಸಿದಿರಿ ಎಂಬುದು ಕೇಳುವವರಿಗೆ ಗೊತ್ತಿರುವುದಿಲ್ಲ. ಅವರ ಕಿವಿ ಹೆಸರನ್ನು ತನಗೆ ತೋಚಿದಲ್ಲಿ ಒಡೆಯುತ್ತದೆ. ಹಾಗಾಗಿ ಹೆಸರನ್ನು ಬೆಸೆದ ರೀತಿಯಿಂದ ಅಳೆಯದೆ, ಅದು ಎಲ್ಲೆಲ್ಲಿ ಒಡೆಯಬಹುದು ಎಂಬುದರಿಂದ ಅಳೆಯಬೇಕು.

ಈ ಲೆಕ್ಕದಲ್ಲಿ ನಿಮ್ಮ ಪಟ್ಟಿಯಲ್ಲಿ ಮೇಲಿರುವುದು ಮಲ್ಲಿಕಾವ್ಯ. ಬೆಸುಗೆಯ ಅಕ್ಷರ ‘ಕಾ’ ಎರಡೂ ಪದಗಳಿಗೆ ಸೇರಿದ್ದು. ಒಡೆದರೆ ‘ಮಲ್ಲಿ + ಕಾವ್ಯ’ ಎಂದಾದರೂ ಆಗುತ್ತದೆ, ‘ಮಲ್ಲಿಕಾ’ ಎಂಬುದಂತೂ ಕಿವಿಗೆ ಬಿದ್ದೇ ಬೀಳುತ್ತದೆ. ಎರಡರಲ್ಲೂ ಹೂ ಉಳಿಯಿತು. ಆದರೆ ಮಲ್ಲಿಯನ್ನು ಇನ್ನೂ ಮೊಟಕು ಮಾಡಿ ‘ಮಲ್ಲ’ ಮಾಡಬೇಡಿ. ಆಗ ಹೂ ಹೋಗಿ ಜಟ್ಟಿ ಬರುತ್ತಾನೆ. ಮಲ್ಲಮ್ಮ ಎಂಬ ಹೆಸರನ್ನು ಕೇಳಿದಾಗಲೂ ನಮಗೆ ನೆನಪಾಗುವುದು ಶ್ರೀಶೈಲದ ಮಲ್ಲಿಕಾರ್ಜುನನೇ ಹೊರತು ಮೊಗ್ಗಲ್ಲ.

ಚಂಪಾವನಿಯ ಸೊಗಸು ನಿಮ್ಮ ಗಮನಕ್ಕೆ ಬಂದಂತಿಲ್ಲ. ಅದನ್ನು ಬೆಸೆಯುವ ಅಗತ್ಯವೇ ಇಲ್ಲ. ಚಂಪಾ + ಅವನಿ = ಚಂಪಾವನಿ, ಶುದ್ಧ ಸವರ್ಣದೀರ್ಘ ಸಂಧಿ, ‘ಸಂಪಿಗೆಯ ನೆಲ’. ಚಂಪಾ + ವನಿ ಎಂದರೆ ಸಂಪಿಗೆಯ ತೋಪು. ಚಂಪಾ ಎಂಬುದು ಅಂಗದೇಶದ ರಾಜಧಾನಿಯೂ ಹೌದಾದ್ದರಿಂದ ಕರ್ಣನ ನಾಡು ಎಂದೂ ಆಗುತ್ತದೆ. ಎಲ್ಲಿ ಒಡೆದರೂ ಅರ್ಥ ಕೆಡುವುದಿಲ್ಲ. ಯಾರಾದರೂ ಕೇಳಿದರೆ ‘ಪಾವನಿ’ಯ ಸುದ್ದಿ ಎತ್ತದೆ ‘ಚಂಪಾ + ಅವನಿ’ ಎಂದೇ ಬಿಡಿಸಿ ಹೇಳಿ.

ಸುರಗಿರಿಜಾದಲ್ಲಿ ತೊಡಕು ಉಂಟು. ‘ಗಿ’ ಅಕ್ಷರದ ಬೆಸುಗೆ ಅಚ್ಚುಕಟ್ಟಾಗಿದೆ, ನಿಜ. ಆದರೆ ಸಂಸ್ಕೃತ ಬಲ್ಲವರು ಅದನ್ನು ‘ಸುರಗಿರಿ + ಜಾ’ ಎಂದೇ ಒಡೆಯುತ್ತಾರೆ. ಸುರಗಿರಿ ಎಂದರೆ ಮೇರು. ಉಳಿದವರು ‘ಸುರ + ಗಿರಿಜಾ’ ಎನ್ನುತ್ತಾರೆ. ಎರಡರಲ್ಲೂ ಸುರಗಿ ಹೂವಿಗೆ ಜಾಗವಿಲ್ಲ. ಸಾಲದ್ದಕ್ಕೆ ಹಳೆಯ ಕಾವ್ಯಗಳಲ್ಲಿ ಸುರಗಿ, ಸುರಿಗೆ ಎಂದರೆ ಕಿರುಗತ್ತಿ. ಒಣಗಿದ ಮೇಲೂ ಪರಿಮಳ ಬಿಡದ ಹೂ ಅದು, ‘ಸುರಗಿ’ ಎಂದಷ್ಟೇ ಇಟ್ಟರೆ ಚೆಂದ.

ಸುರಗಿ ಕನ್ನಡ, ಗಿರಿಜಾ ಸಂಸ್ಕೃತ, ಆದ್ದರಿಂದ ಇದು ಅರಿಸಮಾಸ, ಅಂದರೆ ಕನ್ನಡ-ಸಂಸ್ಕೃತ ಪದಗಳ ಹೊಂದದ ಬೆಸುಗೆ, ಎಂದು ಯಾರಾದರೂ ತಕರಾರು ತೆಗೆದಾರು. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅರಿಸಮಾಸ ಕೂಡದೆಂದವನೇ ಬಿರುದುಗಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ರಿಯಾಯಿತಿ ಕೊಟ್ಟಿದ್ದಾನೆ. ಬಿರುದಿಗೆ ಸಲ್ಲುವುದು ಹೆಸರಿಗೂ ಸಲ್ಲಲಿ ಎಂಬುದು ನನ್ನ ಅಭಿಪ್ರಾಯ.

ನೀಮಲಾ ಬೇಡವೇ ಬೇಡ. ಕಮಲದ ‘ಕ’ ಕತ್ತರಿಸಿದರೆ ಉಳಿಯುವುದು ಮಲ. ವಿಮಲಾ, ನಿರ್ಮಲಾ ಹೆಸರುಗಳಲ್ಲೂ ಮಲ ಇದೆಯಲ್ಲ ಎನ್ನಬಹುದು, ಆದರೆ ಅಲ್ಲಿ ‘ವಿ’, ‘ನಿರ್’ ಅದನ್ನು ತೊಳೆದುಹಾಕುತ್ತವೆ. ಇಲ್ಲಿ ‘ನೀ’ ಮುಂದೆ ನಿಂತಿದೆ. ‘ನೀ ಮಲ’ ಎಂದು ಒಡೆಯಲು ಎರಡನೇ ಕ್ಲಾಸಿನ ಹುಡುಗನಿಗೆ ಕಾಗುಣಿತವೂ ಬೇಕಿಲ್ಲ. ನೀಲಕಮಲಾ ಎಂದು ಪೂರ್ತಿ ಇಡಿ, ಇಲ್ಲವೆ ಗುಣಸಂಧಿಯ ನೀಲೋತ್ಪಲಾ. ಅಚ್ಚಗನ್ನಡ ಬೇಕಾದರೆ ನೈದಿಲೆ ಇದೆ.

ತಲೆ ಒಂದರದು, ಬಾಲ ಇನ್ನೊಂದರದು ಎಂದು ಕತ್ತರಿಸಿ ಅಂಟಿಸಿದಾಗಲೆಲ್ಲ ಈ ಅಪಾಯ ಇದ್ದದ್ದೇ. ಜಾಜಿ, ರಮ್ಯಾ ಸೇರಿಸಿದರೆ ಜಾರಮ್ಯಾ: ಮೊದಲಲ್ಲೇ ಜಾರ. ವಾಣಿಯ ತಲೆಗೆ ಸೇವಂತಿಯ ಬಾಲ ಅಂಟಿಸಿದರೆ ವಾಂತಿ. ಆದ್ದರಿಂದ ಕತ್ತರಿ ಹಿಡಿಯುವ ಮುನ್ನ ಎರಡೂ ಪದಗಳಲ್ಲಿ ಸಮಾನವಾದ ಅಕ್ಷರವನ್ನು ಹುಡುಕಬೇಕು. ಮೊದಲ ಪದದ ಕೊನೆಯ ಅಕ್ಷರವೇ ಎರಡನೆಯದರ ಮೊದಲ ಅಕ್ಷರವಾಗಿರಬೇಕು, ಗುಣಿತವೂ ಸೇರಿ. ‘ಕ’ಗೆ ‘ಕಾ’ ಸಾಲದು. ಕೇತಕಿ + ಕಿನ್ನರಿ = ಕೇತಕಿನ್ನರಿ ಹೀಗೆ ಹೊಂದುತ್ತದೆ. ಆದರೆ ಕೇತಕಿ ಎಂದರೆ ಕೇದಗೆ, ಶಿವಪೂಜೆಗೆ ಸಲ್ಲದ ಹೂ, ಮನೆಯ ಹಿರಿಯರನ್ನು ಮೊದಲೇ ಕೇಳಿಬಿಡಿ.

ಇನ್ನೊಬ್ಬರ ಉತ್ತರ

ಮೇಲಿನವರ ಮಾತಿಗೆ ನನ್ನ ಸಹಮತವಿದೆ, ಚಂಪಾವನಿಯ ವಿಷಯ ಬಿಟ್ಟು. ಪದ ಬಿಡಿಸುವ ರೀತಿ ಎಷ್ಟೇ ಸುಂದರವಾಗಿರಲಿ, ಮನೆಯಲ್ಲಿ ಯಾರೂ ನಾಲ್ಕು ಅಕ್ಷರವನ್ನೂ ಹಿಡಿದು ಕೂಗುವುದಿಲ್ಲ. ಅದು ಚಂಪಿ, ಚಂಪು ಆಗುತ್ತದೆ. ತೆಲುಗಿನಲ್ಲಿ ‘ಚಂಪು’ ಎಂದರೆ ಕೊಲ್ಲು, ಹಿಂದಿಯಲ್ಲಿ ‘ಚಂಪಿ’ ಎಂದರೆ ತಲೆಗೆ ಎಣ್ಣೆ ತಿಕ್ಕುವುದು. ಬೆಂಗಳೂರಿನ ಶಾಲೆಯಲ್ಲಿ ಎರಡೂ ಕಿವಿಗಳು ಒಂದೇ ಬೆಂಚಿನಲ್ಲಿ ಕೂತಿರುತ್ತವೆ. ಮನೆಯಲ್ಲಿ ‘ಅವನಿ’ ಎಂದು ಕರೆಯುವುದು ಖಚಿತವಿದ್ದರೆ ಮಾತ್ರ ಇದನ್ನು ಇಡಿ. ಹಾಗೆಂದು ಸಂಪಂಗಿಯತ್ತಲೂ ಹೋಗಬೇಡಿ. ಸಂಪಂಗಿರಾಮನಗರದ ಊರಿನಲ್ಲಿ ಅದು ಗಂಡಸರ ಹೆಸರು. ಅರವಿಂದದ ಕತೆಯೂ ಅದೇ. ಪಂಕಜ ಮಾತ್ರ ನಮ್ಮಲ್ಲಿ ಹೆಣ್ಣು, ಉತ್ತರಕ್ಕೆ ಹೋದರೆ ಗಂಡು.

ವಿಭಕ್ತಿ ಹಚ್ಚಿ ನೋಡುವುದನ್ನೂ ಮರೆಯಬೇಡಿ. ಇಕಾರಾಂತ ಹೆಸರಿಗೆ ರಗಳೆಯಿಲ್ಲ: ಚಂಪಾವನಿಯನ್ನು, ಚಂಪಾವನಿಗೆ. ಮಲ್ಲಿಕಾವ್ಯಕ್ಕೆ ಮಾತ್ರ ಎಚ್ಚರ ಬೇಕು. ಈಗ ನಾನು ಬರೆದ ‘ಮಲ್ಲಿಕಾವ್ಯಕ್ಕೆ’ ಎಂಬ ರೂಪವನ್ನೇ ನೋಡಿ, ಅದು ನಪುಂಸಕ, ಪುಸ್ತಕಕ್ಕೆ ಹೇಳುವಂತಾಯಿತು. ಹುಡುಗಿಯಾದರೆ ‘ಮಲ್ಲಿಕಾವ್ಯಳಿಗೆ’. ಕಾವ್ಯ ಎಂಬ ಹೆಸರಿನವರಿಗೆ ಇದು ರೂಢಿಯಾಗಿದೆ, ಹೊಸ ಹೆಸರಿಗೂ ಆದೀತು.

ಉಚ್ಚಾರದಲ್ಲಿ ಚಂಪಾವನಿ, ಮಲ್ಲಿಕಾವ್ಯ ಎರಡೂ ಆರಾರು ಮಾತ್ರೆ, ಮಂದಾಕಿನಿಯಷ್ಟೇ. ಅದಕ್ಕಿಂತ ಉದ್ದವಾದರೆ ಜನ ತಾವೇ ಮುರಿಯುತ್ತಾರೆ. ಸುರಗಿರಿಜಾ ಕೂಡ ಆರೇ ಮಾತ್ರೆ, ಆದರೆ ಮೊದಲು ನಾಲ್ಕು ಲಘುಗಳು ಸಾಲಾಗಿ ಬಂದು ನಾಲಗೆ ಎಲ್ಲೂ ನಿಲ್ಲುವುದಿಲ್ಲ.

ಇಂಗ್ಲಿಷ್ ಅಕ್ಷರದಲ್ಲಿ ಬರೆಸುವಾಗ ಮಲ್ಲಿಕಾವ್ಯದಲ್ಲಿ ಎರಡು ‘ಎಲ್’ ಇದೆಯೇ ನೋಡಿಕೊಳ್ಳಿ. ಒಂದು ಬಿದ್ದರೆ ‘ಮಲಿಕ’ ಆಗುತ್ತದೆ. ಚಂಪಾವನಿಯನ್ನು ಹೊರಗಿನವರು ಚಂಪಾವಾಣಿ ಎಂದು ಓದುವುದನ್ನು ತಪ್ಪಿಸಲಾಗದು.

ಅವಸರವೂ ಬೇಕಿಲ್ಲ. ಜನನ ನೋಂದಣಿಯನ್ನು ಹೆಸರಿಲ್ಲದೆಯೂ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶವಿದೆ.

ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ನೀಮಲಾ ಬಿಟ್ಟೆವು. ಸಂಸ್ಕೃತವೇ ಇಲ್ಲದೆ, ಮಲ್ಲಿಗೆ + ಗೆಳತಿ = ಮಲ್ಲಿಗೆಳತಿ ಆದೀತೆ?

ಉತ್ತರ

ಬೆಸುಗೆ ಚೆನ್ನಾಗಿದೆ. ‘ಗೆ’ ಎರಡಕ್ಕೂ ಸೇರಿದೆ, ‘ಮಲ್ಲಿ + ಗೆಳತಿ’ ಎಂದು ಒಡೆದರೂ ನಿಲ್ಲುತ್ತದೆ, ಕೊನೆಯ ‘ತಿ’ಯಿಂದ ಹೆಣ್ಣೆಂಬುದೂ ಸ್ಪಷ್ಟ. ಆದರೆ ಇದರಲ್ಲಿ ಹೆಸರಿಗಿಂತ ಸಂಬಂಧದ ಛಾಯೆ ಹೆಚ್ಚು. ‘ಯಾವ ಮಲ್ಲಿಯ ಗೆಳತಿ?’ ಎಂದು ಕೇಳದೆ ಬಿಡುವುದಿಲ್ಲ. ಕರೆಯುವ ಹೆಸರಾಗಿರಲಿ, ದಾಖಲೆಗೆ ಮಲ್ಲಿಕಾವ್ಯವನ್ನೇ ಬರೆಸಿ.