ಕ್ಯಾಂಪಸ್‌ನಲ್ಲಿ ಕೋಡಿಂಗ್ ಸ್ಪರ್ಧೆ: ನಾವು ಏನನ್ನು ಮರೆತಿದ್ದೇವೆ?

ಪ್ರಶ್ನೆ
ಮುಂದಿನ ತಿಂಗಳು ನಮ್ಮ ವಿಭಾಗದ ವಿದ್ಯಾರ್ಥಿ ಸಂಘದಿಂದ ಕೋಡಿಂಗ್ ಸ್ಪರ್ಧೆ ಇದೆ. ನಲವತ್ತು ತಂಡಗಳು ಬರಬಹುದು. ಕಾಲೇಜು ತಂಡಗಳ ಅಂತರರಾಷ್ಟ್ರೀಯ ಕೋಡಿಂಗ್ ಸ್ಪರ್ಧೆ ಐಸಿಪಿಸಿಯಂತೆಯೇ ತಂಡಕ್ಕೆ ಮೂವರು, ಒಂದೇ ಕಂಪ್ಯೂಟರ್, ಐದು ಗಂಟೆ. ಲ್ಯಾಬ್ ಸಿಕ್ಕಿದೆ, ಪೋಸ್ಟರ್ ಸಿದ್ಧವಾಗಿದೆ. ಪ್ರಶ್ನೆಗಳನ್ನು ಕೊನೆಯ ವಾರ ಕುಳಿತು ಬರೆದರಾಯಿತು ಎಂದುಕೊಂಡಿದ್ದೇವೆ. ಇನ್ನೇನಾದರೂ ಬಿಟ್ಟುಹೋಗಿದೆಯೇ?

ಉತ್ತರ 1
ಬಿಟ್ಟುಹೋಗಿರುವುದು ಪ್ರಶ್ನೆಗಳೇ! ನಾನೂ ಒಮ್ಮೆ ಇದೇ ಧೈರ್ಯದಲ್ಲಿದ್ದೆ.

ಒಂದು ಪ್ರಶ್ನೆಯಲ್ಲಿ ಕೊಡುವ ಸಂಖ್ಯೆಗಳ ಎಣಿಕೆ ಹೆಚ್ಚೆಂದರೆ ಒಂದು ಲಕ್ಷ ಎಂದು ಬರೆದಿದ್ದೆವು. ಮೊದಲು ಎರಡು ಲಕ್ಷ ಇತ್ತು. ಹಿಂದಿನ ರಾತ್ರಿ ನಾನು ಪ್ರಶ್ನೆಯಲ್ಲಿ ತಿದ್ದಿದೆ, ಕೋಡನ್ನು ಪರೀಕ್ಷಿಸಲು ಕೊಡುವ ಸಂಖ್ಯೆಗಳಿರುವ ಟೆಸ್ಟ್ ಫೈಲನ್ನು ತಿದ್ದಬೇಕಿದ್ದ ಗೆಳೆಯನಿಗೆ ಹೇಳುವುದನ್ನು ಮರೆತೆ. ಮೊದಲ ವರ್ಷದ ಹುಡುಗಿಯೊಬ್ಬಳು ಒಂದು ಲಕ್ಷಕ್ಕೆ ಸರಿಯಾಗಿ ಅರೇ (ಸಂಖ್ಯೆಗಳನ್ನಿಡುವ ಸಾಲು) ಇಟ್ಟುಕೊಂಡು ಬರೆದ ಕೋಡ್ ಆರು ಬಾರಿಯೂ ‘ರನ್‌ಟೈಮ್ ಎರರ್’, ಅಂದರೆ ಓಡುವಾಗಲೇ ಕೆಟ್ಟಿತು, ಎಂದು ಹಿಂದಿರುಗಿತು. ಏಳನೆಯ ಬಾರಿ ಅವಳು ಉತ್ತರ ಕಳುಹಿಸಲಿಲ್ಲ, ನಮ್ಮನ್ನೇ ಪರೀಕ್ಷಿಸಿದಳು: ಸಂಖ್ಯೆಗಳು ಒಂದು ಲಕ್ಷ ಮೀರಿದರೆ ಸುಮ್ಮನೆ ಸುತ್ತುತ್ತಲೇ ಇರು ಎಂದು ಎರಡು ಸಾಲು ಸೇರಿಸಿ ಕಳುಹಿಸಿದಳು. ಫಲಿತಾಂಶ ‘ಸಮಯ ಮೀರಿದೆ’ ಎಂದು ಬಂತು, ಅಂದರೆ ಫೈಲ್‌ನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಸಂಖ್ಯೆಗಳಿದ್ದವು. ಆ ಪರದೆಯನ್ನೂ ಪ್ರಶ್ನೆಪತ್ರಿಕೆಯನ್ನೂ ನನ್ನ ಮುಂದೆ ಅಕ್ಕಪಕ್ಕ ಹಿಡಿದು, “ಇದರಲ್ಲಿ ಯಾವುದು ನಿಜ ಸರ್?” ಎಂದಳು. ನನ್ನ ಬಾಯಿ ಕಟ್ಟಿತು.

ಫೈಲ್ ಸರಿಪಡಿಸಿ ಎಲ್ಲವನ್ನೂ ಮರುಪರಿಶೀಲನೆಗೆ ಹಾಕಿದಾಗ ಅವಳ ಮೊದಲ ಕೋಡೇ ಸರಿಯಾಗಿತ್ತು. ತಪ್ಪಿಗೆ ಇಪ್ಪತ್ತು ನಿಮಿಷದಂತೆ ಬೀಳಬೇಕಿದ್ದ ದಂಡ ಅಳಿಯಿತು. ಆದರೆ ಆ ತಂಡ ಇಲ್ಲದ ತಪ್ಪನ್ನು ಹುಡುಕುತ್ತಾ ಕಳೆದ ಎರಡು ಗಂಟೆಯನ್ನು ಯಾವ ಸ್ಕೋರ್‌ಬೋರ್ಡೂ ಹಿಂದಿರುಗಿಸಲಿಲ್ಲ.

ಆದ್ದರಿಂದ ಪ್ರತಿ ಪ್ರಶ್ನೆಗೂ ಟೆಸ್ಟ್ ಫೈಲ್ ಹೇಳಿದ ಮಿತಿಯೊಳಗಿದೆಯೇ ಎಂದು ನೋಡುವ ಚಿಕ್ಕ ಪ್ರೋಗ್ರಾಂ ಒಂದನ್ನು ಬರೆಯಿರಿ. ಪ್ರಶ್ನೆ ಬರೆದವರಲ್ಲದೆ ಇನ್ನೊಬ್ಬರು, ಉತ್ತರ ನೋಡದೆ, ಅದನ್ನು ಬಿಡಿಸಬೇಕು. ಸೋಲಲೇಬೇಕಾದ ಕೋಡನ್ನೂ ಬರೆದಿಟ್ಟುಕೊಳ್ಳಿ. ಒಂದು ಲಕ್ಷ ಸಂಖ್ಯೆಗಳ ಎಲ್ಲ ಜೋಡಿಗಳನ್ನೂ ಒಂದರೊಳಗೊಂದು ಎರಡು ಲೂಪ್‌ನಲ್ಲಿ (ಮರುಮರು ಓಡುವ ಸುತ್ತು) ನೋಡಹೊರಟರೆ ಸಾವಿರ ಕೋಟಿ ಹೆಜ್ಜೆ. ಅದು ಪಾಸಾದರೆ ನಿಮ್ಮ ಟೆಸ್ಟ್‌ಗಳು ಸಡಿಲವಾಗಿವೆ ಎಂದೇ ಅರ್ಥ. ಮೊತ್ತ 2147483647 ದಾಟುವ ಟೆಸ್ಟ್ ಒಂದಾದರೂ ಇರಲಿ, ಅಲ್ಲಿಯವರೆಗಷ್ಟೇ ಹಿಡಿಯುವ ಸಾಮಾನ್ಯ ಇಂಟ್ ಎಂಬ ಸಂಖ್ಯಾ ಬಗೆಯಲ್ಲಿ ಬರೆದವರು ಅಲ್ಲಿ ಸಿಕ್ಕಿಬೀಳುತ್ತಾರೆ.

ಉತ್ತರ 2
ಮೇಲಿನವರ ಮಾತು ಸರಿ, ಆದರೆ ಮೊದಲ ಸಲಕ್ಕೆ ಐದು ಗಂಟೆ ಬೇಡ, ಮೂರು ಸಾಕು. ಹಿಂದಿನ ದಿನ ಅರ್ಧ ಗಂಟೆ ಅಭ್ಯಾಸ ಸುತ್ತು ಇಡಿ. ಎರಡು ಸಂಖ್ಯೆ ಕೂಡುವ ಪ್ರಶ್ನೆ ಕೊಟ್ಟು ನಲವತ್ತೂ ತಂಡಗಳಿಗೆ ಒಟ್ಟಿಗೆ ಸಬ್ಮಿಟ್ ಮಾಡಲು ಹೇಳಿ. ಸರ್ವರ್ ಮಲಗುವುದಿದ್ದರೆ ಅಂದೇ ಮಲಗಲಿ. ಕೋಡನ್ನು ತಾನೇ ಪರೀಕ್ಷಿಸಿ ಫಲಿತಾಂಶ ಹೇಳುವ ತಂತ್ರಾಂಶವಾಗಿ ನಾವು ಡೊಮ್‌ಜಡ್ಜ್ ಬಳಸುತ್ತೇವೆ, ಉಚಿತ.

ಪ್ರಶ್ನೆ ಕೇಳಿದವರು
ನಮ್ಮಲ್ಲಿ ಚೆನ್ನಾಗಿ ಕೋಡ್ ಬರೆಯುವವರೆಲ್ಲ ಸ್ಪರ್ಧೆಗೇ ಹೆಸರು ಕೊಟ್ಟಿದ್ದಾರೆ. ಬಿಡಿಸಿ ನೋಡಲು ಯಾರನ್ನು ಹಿಡಿಯುವುದು?

ಉತ್ತರ 1
ಕಳೆದ ವರ್ಷ ಓದು ಮುಗಿಸಿ ಹೋದವರನ್ನು. ಅವರಿಗೆ ಇಂಥದ್ದರ ಚಪಲ ಇನ್ನೂ ಹೋಗಿರುವುದಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರು ಒಪ್ಪಿದ್ದಾರೆ. ದಿನಾಂಕವನ್ನು ಎರಡು ವಾರ ಮುಂದೂಡಿದ್ದೇವೆ. ಮಿತಿ ನೋಡುವ ಪ್ರೋಗ್ರಾಂ ಬರೆದು ಇಂದು ಓಡಿಸಿದೆವು: ‘ಕನಿಷ್ಠ 1’ ಎಂದಿದ್ದ ಪ್ರಶ್ನೆಯ ಎರಡನೇ ಫೈಲ್‌ನಲ್ಲಿಯೇ ಸೊನ್ನೆ ಸಿಕ್ಕಿತು. ಪೋಸ್ಟರ್ ಮರುಮುದ್ರಣಕ್ಕೆ ಹೋಗಿದೆ.