ಉಂಡ ಮನೆಯ ಜಂತೆ

ಶಾಲಾ ಗೆಳೆಯರ ಗುಂಪು, ಭಾನುವಾರ ಬೆಳಿಗ್ಗೆ

ಕೊನೇ ಬೆಂಚು: (ಫಾರ್ವರ್ಡ್: ಒಂದು ಊಟಕ್ಕೆ ಪಂಥದಿಂದಲೇ ಹೊರಗೆ, ರೇಮಂಡ್ ಫ್ರಾನ್ಜ್ ಕಥೆ) ಓದಿ ನೋಡ್ರಪ್ಪ. ಹೀಗೂ ಇರುತ್ತದಾ?

ಮೇಷ್ಟ್ರು: ಓದಿದೆ. ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಥದಲ್ಲಿ ಇದ್ದವರು. ಹೊರಗೆ ಬಂದ ಮೇಲೆ 1983ರಲ್ಲಿ ಒಳಗಿನದ್ದನ್ನೆಲ್ಲ ಪುಸ್ತಕ ಮಾಡಿದರು. ಇಷ್ಟ ಇಲ್ಲ ಅಂದರೆ ಸುಮ್ನೆ ಬಿಟ್ಟು ಹೋಗಬೇಕು. ಉಂಡ ಮನೆಯ ಜಂತೆ ಎಣಿಸುವುದು ಯಾಕೆ?

ಹಾಡುಗಾರ್ತಿ: ನೀವು ಪೂರ್ತಿ ಓದಿಲ್ಲ ಮೇಷ್ಟ್ರೇ. ಅವರು ಸುಮ್ನೆ ಇದ್ದರು. 1980ರಲ್ಲಿ ಪಂಥವನ್ನು ನಡೆಸುವ ಆಡಳಿತ ಮಂಡಲಿಗೆ ರಾಜೀನಾಮೆ ಕೊಟ್ಟು ಅಮೆರಿಕದ ಅಲಬಾಮಾಕ್ಕೆ ಹೋದರು. ಸಭೆ, ಅಂದರೆ ಪಂಥ, ಬಿಟ್ಟಿರಲಿಲ್ಲ. ಅಲ್ಲಿ ಅವರಿಗೆ ಕೆಲಸ ಕೊಟ್ಟು, ಇರುವುದಕ್ಕೆ ಜಾಗ ಕೊಟ್ಟ ಗೆಳೆಯ 1981ರಲ್ಲಿ ತಾನಾಗಿಯೇ ಸಭೆ ಬಿಟ್ಟ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಂಥದ ಕಾವಲಿನಬುರುಜು ಪತ್ರಿಕೆಯಲ್ಲಿ ಬಂತು: ತಾವಾಗಿ ಬಿಟ್ಟವರನ್ನೂ ಹೊರಹಾಕಿದವರ ಹಾಗೇ ದೂರ ಇಡಬೇಕು ಅಂತ. ಇವರು ಆ ಗೆಳೆಯನ ಜೊತೆ ಹೋಟೆಲಿನಲ್ಲಿ ಕೂತು ಊಟ ಮಾಡಿದರು. ವರ್ಷ ಮುಗಿಯುವಷ್ಟರಲ್ಲಿ ಇವರೂ ಹೊರಗೆ. ಜಂತೆ ಎಣಿಸಿದ್ದಕ್ಕಲ್ಲ, ಉಂಡಿದ್ದಕ್ಕೆ!

ಕೊನೇ ಬೆಂಚು: ಸ್ಟೇಟಸ್‌ನಲ್ಲಿ ದಿನಾ ಹೂವು ಹಾಕುತ್ತೀಯ, ಇಲ್ಲಿ ಬರೀ ಬೆಂಕಿ.

ಮೇಷ್ಟ್ರು: ಊಟದ ವಿಷಯ ಒಪ್ಪಿದೆ. ಆದರೂ 40 ವರ್ಷ ಒಳಗಿದ್ದು ಆಮೇಲೆ ಕಣ್ಣು ಬಿಟ್ಟರಾ?

ಹಾಡುಗಾರ್ತಿ: ಬೆಳೆದದ್ದೇ ಅದರೊಳಗೆ. ಅಪ್ಪ ಅಮ್ಮ ಅದರಲ್ಲೇ ಇದ್ದವರು. ಇವರನ್ನು ಹೊರಹಾಕಿದಾಗ ಅಪ್ಪನ ಒಡಹುಟ್ಟಿದವರೇ ಇಡೀ ಸಂಸ್ಥೆಯ ಅಧ್ಯಕ್ಷರು. ಇವರು ಮಂಡಲಿಯಲ್ಲಿ ಒಂಬತ್ತು ವರ್ಷ ಕೂತವರು. ಇಂಥವರು ಹೇಳದೆ ಇನ್ಯಾರು ಹೇಳಬೇಕು? ಹೊರಗಿನವರು ಕೇಳಿದರೆ ನಿಮಗೇನು ಗೊತ್ತು ಅನ್ನುತ್ತೀರಿ. ಒಳಗಿದ್ದು ಬಂದವರು ಹೇಳಿದರೆ ದ್ರೋಹ ಅನ್ನುತ್ತೀರಿ. ಉಳಿದವರು ಯಾರು?

ಕೊನೇ ಬೆಂಚು: ಇಂಥವನ್ನೆಲ್ಲ ಬ್ಯಾನ್ ಮಾಡಬೇಕು, ಮುಗೀತು.

ಲಾಯರ್: ಬಂದ ನೋಡಿ ಬ್ಯಾನ್ ರಾಜ. ರಷ್ಯಾ 2017ರಲ್ಲಿ ಅದನ್ನೇ ಮಾಡಿತು. ಅಲ್ಲಿನ ಸುಪ್ರೀಂ ಕೋರ್ಟೇ ಅವರನ್ನು ಉಗ್ರವಾದಿಗಳು ಅಂತ ಹೇಳಿ ಸಂಸ್ಥೆ ಮುಚ್ಚಿಸಿತು. ಮನೆಯಲ್ಲಿ ಸೇರಿ ಬೈಬಲ್ ಓದಿದವರು ಜೈಲಿಗೆ ಹೋದರು. ಅದು ಬೇಕಾ ನಿನಗೆ?

ಮೇಷ್ಟ್ರು: ಇದೇ ನಾನು ಹೇಳುವುದು. ಹಿಟ್ಲರನ ಕ್ಯಾಂಪ್‌ಗಳಲ್ಲಿ ಗುರುತಿಗೆ ಅಂತ ಇವರ ಬಟ್ಟೆಗೆ ನೇರಳೆ ತ್ರಿಕೋನ ಹೊಲಿದಿದ್ದರು. ನಂಬಿಕೆ ಬಿಟ್ಟೆ ಅಂತ ಒಂದು ಕಾಗದಕ್ಕೆ ಸಹಿ ಹಾಕಿದರೆ ಬಿಡುಗಡೆ. ಆದರೂ ಹೆಚ್ಚಿನವರು ಹಾಕಲಿಲ್ಲ. ಅಂಥ ಜನರ ಬಗ್ಗೆ ಹಗುರವಾಗಿ ಮಾತಾಡಬಾರದು.

ಹಾಡುಗಾರ್ತಿ: ಅವರಿಗೆ ಕೈ ಮುಗಿಯುತ್ತೇನೆ. ಬ್ಯಾನ್ ನನಗೂ ಬೇಡ. ಆದರೆ ನಂಬಿಕೆ ಬಿಡಲ್ಲ ಅಂದವರನ್ನು ಹೊಗಳುವ ಬಾಯಲ್ಲೇ, ನನಗೆ ನಂಬಿಕೆ ಇಲ್ಲ ಅಂದವಳಿಗೆ ಬಾಯಿ ಮುಚ್ಚು ಅನ್ನುವುದು ಹೇಗೆ? ಕಾವಲಿನಬುರುಜುವಿನ 2024ರ ಆಗಸ್ಟ್ ಸಂಚಿಕೆಯಲ್ಲಿ ಅವರೇ ಸ್ವಲ್ಪ ಸಡಿಲ ಮಾಡಿದ್ದಾರೆ. ಹೊರಹಾಕಿದವರು ಕೂಟಕ್ಕೆ ಬಂದರೆ ಒಂದು ನಮಸ್ಕಾರ ಹೇಳಬಹುದಂತೆ. ಆದರೆ ಧರ್ಮಭ್ರಷ್ಟರಿಗೆ ಅದೂ ಇಲ್ಲ. ಸಭೆಯ ವಿರುದ್ಧ ಮಾತಾಡುವವರು ಬರುವುದು ಅದೇ ಪಟ್ಟಿಯಲ್ಲಿ.

ಮೇಷ್ಟ್ರು: "ಅಂದವಳಿಗೆ" ಅಂದೆ. ಫ್ರಾನ್ಜ್ ಗಂಡಸು ಅಲ್ವಾ?

ಹಾಡುಗಾರ್ತಿ: ಈ ಸಂದೇಶವನ್ನು ಅಳಿಸಲಾಗಿದೆ

ಕೊನೇ ಬೆಂಚು: ಏನು ಅಳಿಸಿದೆ?

ಅಡ್ಮಿನ್: ಗೆಳೆಯರೇ, ಧರ್ಮ ರಾಜಕೀಯ ಬೇಡ ಅಂತ ಮೊದಲೇ ಹೇಳಿದ್ದೆ. ಹುಟ್ಟುಹಬ್ಬಗಳಿಗೆ ಮಾತ್ರ ಈ ಗುಂಪು.

ಲಾಯರ್: ತಡಿ ಮಾರಾಯ. ಅವಳು ಬರೀತಾ ಇದ್ದಾಳೆ.

ಹಾಡುಗಾರ್ತಿ: ನಾನೂ ಬಿಟ್ಟವಳೇ. ಇದಲ್ಲ, ಬೇರೆ ಪಂಥ. ಹೆಸರು ಬೇಡ, ಅಮ್ಮ ಇನ್ನೂ ಅದರಲ್ಲೇ ಇದ್ದಾರೆ. ಹೋಗುವುದನ್ನು ನಿಲ್ಲಿಸಿದಾಗ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಕಾಣಿಕೆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಒಂದು ಪತ್ರ ಬರೆದೆ, ನಾಲ್ಕು ಸಾಲು. ಅವತ್ತಿನಿಂದ ಅಮ್ಮ ನನ್ನ ಫೋನ್ ಎತ್ತಿಲ್ಲ. ಏಳು ವರ್ಷ. ಸುಮ್ನೆ ಬಿಡಬೇಕು ಅಂದಿರಲ್ಲ ಮೇಷ್ಟ್ರೇ, ಅದಕ್ಕೆ ಹೇಳಿದೆ.

(ಹತ್ತು ನಿಮಿಷ ಯಾರೂ ಬರೆಯಲಿಲ್ಲ.)

ಮೇಷ್ಟ್ರು: ಪುಸ್ತಕದ ಬಗ್ಗೆ ನನ್ನ ಮಾತು ಈಗಲೂ ಅದೇ. ಆದರೆ ನಿನ್ನ ಪತ್ರದ ಬಗ್ಗೆ ಅಲ್ಲ. ಅಮ್ಮ ಬ್ಲಾಕ್ ಮಾಡಿದ್ದಾರಾ?

ಹಾಡುಗಾರ್ತಿ: ಇಲ್ಲ. ಸ್ಟೇಟಸ್ ನೋಡುತ್ತಾರೆ. ನೋಡಿದವರ ಪಟ್ಟಿಯಲ್ಲಿ ದಿನಾ ಅವರ ಹೆಸರು ಇರುತ್ತದೆ. ಅದಕ್ಕೇ ಹೂವು.

ಕೊನೇ ಬೆಂಚು: ಇವತ್ತಿನದು?

ಹಾಡುಗಾರ್ತಿ: ದಾಸವಾಳ. 6:32ಕ್ಕೆ ನೋಡಿದ್ದಾರೆ.