ಹಳೇ ಸಿಸ್ಟಂ ಅರ್ಥ ಮಾಡಿಕೊಳ್ಳಲು ಡಯಾಗ್ರಾಂ ಬರೆದರೆ ನಿಜಕ್ಕೂ ಉಪಯೋಗ ಇದೆಯಾ?

ಹಿಂಜವಡಿ_ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಊರು ಹುಬ್ಬಳ್ಳಿ, ಕೆಲಸ ಪುಣೆಯ ಹಿಂಜವಡಿಯಲ್ಲಿ. ಮೂರು ತಿಂಗಳ ಹಿಂದೆ ಹೊಸ ಟೀಮ್‌ಗೆ ಬಂದೆ. ಅಂಗಡಿಗಳ ಆನ್‌ಲೈನ್ ಆರ್ಡರ್ ಮತ್ತು ಪಾವತಿ ನೋಡಿಕೊಳ್ಳುವ ಸಿಸ್ಟಂ, ಒಟ್ಟು ಹನ್ನೊಂದು ಸರ್ವಿಸ್ (ಬೇರೆಬೇರೆಯಾಗಿ ಓಡುವ ಪ್ರೋಗ್ರಾಂ). ಮೊದಲು ಕಟ್ಟಿದವರಲ್ಲಿ ಈಗ ಒಬ್ಬರೂ ಇಲ್ಲ. ಅವರು ಬಿಟ್ಟುಹೋದದ್ದು ಅರವತ್ತು ಪುಟದ ಒಂದು ಡಾಕ್ಯುಮೆಂಟ್. ಅದರ ತುಂಬ ಕ್ಲಾಸ್ ಡಯಾಗ್ರಾಂ (ಕೋಡ್‌ನ ತುಂಡುಗಳಾದ ಕ್ಲಾಸ್‌ಗಳ ಚಿತ್ರ), ಅದರಲ್ಲಿ ಅರ್ಧ ಕ್ಲಾಸ್‌ಗಳು ಕೋಡ್‌ನಲ್ಲಿ ಹುಡುಕಿದರೆ ಸಿಗುವುದೇ ಇಲ್ಲ.

ಮ್ಯಾನೇಜರ್ "ಒಂದು ಆರ್ಕಿಟೆಕ್ಚರ್ ಡಯಾಗ್ರಾಂ ಮಾಡಿಬಿಡಿ, ಹೊಸಬರಿಗೂ ಅನುಕೂಲ" ಅಂದರು. ಸರಿ ಅಂತ ಎರಡು ದಿನ ಕೂತು ಡ್ರಾ.ಐಒ ಅನ್ನುವ ಟೂಲ್‌ನಲ್ಲಿ ಬರೆದೆ. ನಲವತ್ತು ಚೌಕ, ಬಾಣ ಎಷ್ಟು ಅಂತ ಎಣಿಸಿಲ್ಲ, ಡೇಟಾಬೇಸ್‌ಗೆಲ್ಲ ಹಸಿರು ಬಣ್ಣ. ಮೀಟಿಂಗ್‌ನಲ್ಲಿ ಎಲ್ಲರೂ "ಮಸ್ತ್ ಆಹೆ" ಅಂದರು. ಅವತ್ತಿನಿಂದ ಅದನ್ನು ಯಾರೂ ತೆರೆದಿಲ್ಲ. ನಿಜ ಹೇಳಬೇಕೆಂದರೆ ನಾನೂ ತೆರೆದಿಲ್ಲ.

ಕಾಲೇಜಿನಲ್ಲಿ ಯುಎಂಎಲ್ (ಸಾಫ್ಟ್‌ವೇರನ್ನು ಚಿತ್ರದಲ್ಲಿ ಬರೆಯುವ ಗುರುತುಗಳ ಪದ್ಧತಿ) ಓದಿದ್ದು ಮಾರ್ಕ್ಸ್‌ಗೋಸ್ಕರ. ಗೆರೆಯ ತುದಿಯಲ್ಲಿ ಬರುವ ಟೊಳ್ಳು ವಜ್ರದ ಗುರುತಿಗೂ ತುಂಬಿದ ವಜ್ರಕ್ಕೂ ಏನು ವ್ಯತ್ಯಾಸ ಅಂತ ಬಾಯಿಪಾಠ ಮಾಡಿದ್ದೆ, ಪರೀಕ್ಷೆ ಮುಗಿದ ಸಂಜೆಯೇ ಮರೆತೆ. ಈಗ ಕೇಳುವುದಿಷ್ಟೇ. ಸುಮ್ನೆ ಕೋಡ್ ಓದಿಕೊಂಡು ಹೋಗುವುದೇ ವಾಸಿಯಾ? ಬರೆಯುವುದಾದರೆ ಏನನ್ನು ಬರೆಯಬೇಕು? ಇನ್ನೊಂದು ತಲೆನೋವೂ ಇದೆ. ವಾರಕ್ಕೆ ಎರಡು ಮೂರು ಟಿಕೆಟ್ (ಗ್ರಾಹಕರ ದೂರು) "ಹಣ ಕಟ್ ಆಗಿದೆ, ಆರ್ಡರ್ ರದ್ದಾಗಿದೆ" ಅಂತ ಬರುತ್ತವೆ. ಯಾಕೆ ಅಂತ ಟೀಮ್‌ನಲ್ಲಿ ಯಾರಿಗೂ ಗೊತ್ತಿಲ್ಲ. ಕೈಯಿಂದ ರಿಫಂಡ್ ಮಾಡಿ ಟಿಕೆಟ್ ಮುಚ್ಚುತ್ತೇವೆ.

ಡೊಂಬಿವಲಿ_ಫಾಸ್ಟ್

ನಿಮ್ಮ ಚಿತ್ರವನ್ನು ನೋಡದೆಯೇ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ನಲವತ್ತು ಚೌಕ ಯಾವ ಪ್ರಶ್ನೆಗೆ ಉತ್ತರ? "ನಮ್ಮಲ್ಲಿ ಏನೇನಿದೆ" ಅನ್ನುವುದಕ್ಕೆ ಉತ್ತರ ಅಂದರೆ ಅದು ಪಟ್ಟಿ. ಪಟ್ಟಿಗೆ ಬಾಣ ಯಾಕೆ?

ನಾನು ಇಪ್ಪತ್ತು ವರ್ಷದಿಂದ ಮುಂಬೈ ಲೋಕಲ್‌ನ ಸೆಂಟ್ರಲ್ ಲೈನ್‌ನಲ್ಲಿ ನೇತಾಡುತ್ತಿದ್ದೇನೆ. ಡಬ್ಬಿಯೊಳಗೆ ಬಾಗಿಲ ಮೇಲೆ ಸ್ಟೇಷನ್‌ಗಳ ಹೆಸರಿರುವ ಉದ್ದ ಗೆರೆ ನೋಡಿದ್ದೀರಿ ಅಲ್ವಾ? ಹಳಿ ನಿಜದಲ್ಲಿ ಹಾಗೆ ನೆಟ್ಟಗಿಲ್ಲ, ಎರಡು ಸ್ಟೇಷನ್‌ಗಳ ನಡುವಿನ ದೂರವೂ ಒಂದೇ ಸಮ ಇಲ್ಲ. ಆ ಗೆರೆಯಲ್ಲಿ ಖಾಡಿಯೂ (ಕಡಲ ಹಿನ್ನೀರು) ಇಲ್ಲ, ರಸ್ತೆಯೂ ಇಲ್ಲ. ಆದರೂ ಆ ಗೆರೆ ಸಾಕು. ಅದನ್ನು ನೋಡುವವನಿಗೆ ಬೇಕಾಗಿರುವುದು ಎರಡೇ. ನನ್ನ ಸ್ಟೇಷನ್‌ಗೆ ಇನ್ನೆಷ್ಟು, ಮತ್ತು ಗೋರೆಗಾಂವ್ ಕಡೆ ಹೋಗಲು ದಾದರ್‌ನಲ್ಲಿ ಇಳಿಯಬೇಕಾ. ಮುಂದಿನ ಗಾಡಿ ಫಾಸ್ಟಾ ಸ್ಲೋನಾ, ಹನ್ನೆರಡು ಡಬ್ಬಿಯದಾ ಹದಿನೈದರದಾ, ಎಷ್ಟು ನಿಮಿಷಕ್ಕೆ ಬರುತ್ತದೆ, ಇದೆಲ್ಲ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ಕೆಲಸ. ಎರಡನ್ನೂ ಒಂದೇ ಹಲಗೆಗೆ ತುರುಕಿದರೆ ಗಾಡಿ ಹೋದ ಮೇಲೂ ನೀವು ಓದುತ್ತಲೇ ನಿಂತಿರುತ್ತೀರಿ.

ಯುಎಂಎಲ್ ಹೆಸರು ಕೇಳಿ ಹೆದರಬೇಡಿ. ಬೂಚ್, ರಂಬಾ, ಯಾಕಬ್‌ಸನ್ ಮೂವರೂ ಮೊದಲು ತಮ್ಮತಮ್ಮ ಪದ್ಧತಿಯಲ್ಲಿ ಬೇರೆಬೇರೆ ಗುರುತು ಬಳಸುತ್ತಿದ್ದರು, ಅದನ್ನು ಒಂದು ಮಾಡಿದ್ದೇ ಇದು. 1997ರಲ್ಲಿ ಓಎಂಜಿ ಅನ್ನುವ ಸ್ಟ್ಯಾಂಡರ್ಡ್ ಸಂಸ್ಥೆ ಅದನ್ನು ಸ್ಟ್ಯಾಂಡರ್ಡ್ ಅಂತ ಒಪ್ಪಿತು. ಈಗ ಅದರಲ್ಲಿ 14 ಬಗೆಯ ಡಯಾಗ್ರಾಂ ಇವೆ. ನಾನು ಇಷ್ಟು ವರ್ಷದಲ್ಲಿ ಮನಸಾರೆ ಬಳಸಿದ್ದು ಮೂರನ್ನು: ಸೀಕ್ವೆನ್ಸ್, ಸ್ಟೇಟ್, ಅಪರೂಪಕ್ಕೆ ಕ್ಲಾಸ್. ಒಂದು ಕಾಲದಲ್ಲಿ ನಮ್ಮ ಆಫೀಸಿನಲ್ಲಿ ದುಬಾರಿ ಟೂಲ್ ತಂದು, ಮೊದಲು ಚಿತ್ರ, ಆಮೇಲೆ ಚಿತ್ರದಿಂದ ತಾನೇ ಕೋಡ್ ಅಂತ ಶುರು ಮಾಡಿದರು. ಆರನೇ ತಿಂಗಳಿಗೆ ಎಲ್ಲರೂ ಕೋಡನ್ನೇ ನೇರ ತಿದ್ದಿ, ಸಂಜೆ ಚಿತ್ರವನ್ನು ಅದಕ್ಕೆ ಹೊಂದಿಸುತ್ತಾ ಕೂರುತ್ತಿದ್ದೆವು. ಆ ಸಂಜೆಗಳು ನನಗೆ ಈಗಲೂ ಬೇಕಿಲ್ಲ.

ನಿಮಗೆ ಹೇಳುವುದು ಇಷ್ಟು. ಆ "ಹಣ ಕಟ್" ಟಿಕೆಟ್‌ಗಳಲ್ಲಿ ಒಂದನ್ನು ತೆಗೆದುಕೊಳ್ಳಿ, ಒಂದೇ ಒಂದು. ಅದರ ಆರ್ಡರ್ ನಂಬರ್ ಹಿಡಿದು ಎಲ್ಲ ಸರ್ವಿಸ್‌ಗಳ ಲಾಗ್ (ಏನೇನಾಯಿತು ಅಂತ ಪ್ರೋಗ್ರಾಂ ತಾನೇ ಬರೆದಿಡುವ ದಾಖಲೆ) ಹುಡುಕಿ. ಸಿಕ್ಕಿದ್ದನ್ನು ಸಮಯದ ಪ್ರಕಾರ ಸೀಕ್ವೆನ್ಸ್ ಡಯಾಗ್ರಾಂ ಆಗಿ ಬರೆಯಿರಿ. ಮೇಲೆ ಸರ್ವಿಸ್‌ಗಳ ಹೆಸರು, ಕೆಳಕ್ಕೆ ಗಡಿಯಾರ, ಅಡ್ಡಕ್ಕೆ ಯಾರು ಯಾರಿಗೆ ಏನು ಹೇಳಿದರು ಅನ್ನುವುದು. ಡಾಕ್ಯುಮೆಂಟ್ ನೋಡಿ ಬರೆಯಬೇಡಿ, ಲಾಗ್ ನೋಡಿಯೇ ಬರೆಯಿರಿ. ಡಾಕ್ಯುಮೆಂಟ್ ಬರೆದವರು ತಾವು ಅಂದುಕೊಂಡದ್ದನ್ನು ಬರೆದಿರುತ್ತಾರೆ.

ಮಾಟುಂಗಾ_ಕೆಂಪುಚಟ್ನಿ

ನಾನು ಎದುರು ಪಕ್ಷ. ಡಯಾಗ್ರಾಂ ಅನ್ನುವುದು ಹಾಲಿನ ಹಾಗೆ, ಬರೆದ ದಿನ ಚೆನ್ನಾಗಿರುತ್ತದೆ. ನಾನು ಹಿಂದೆ ಇದ್ದ ಒಂದು ಕಡೆ ಗೋಡೆಗೆ ಭರ್ಜರಿ ಚಿತ್ರ ಅಂಟಿಸಿದ್ದರು, ಅದರ ನಡುಮಧ್ಯದ ಸರ್ವರ್ ಬಂದ್ ಆಗಿ ಮೂರು ವರ್ಷ ಆಗಿತ್ತು. ಹೊಸಬ ಹುಡುಗ ಒಬ್ಬ ಎರಡು ದಿನ ಅದನ್ನೇ ಹುಡುಕಿದ, ಪಾಪ. ವೈಟ್‌ಬೋರ್ಡ್ ಮೇಲೆ ಬರೆಯಿರಿ, ಜಗಳ ಆಡಿ, ಫೋನ್‌ನಲ್ಲಿ ಫೋಟೋ ತೆಗೆದುಕೊಳ್ಳಿ, ಒರೆಸಿ. ಟೂಲ್ ಗೀಲ್ ಏನೂ ಬೇಡ.

ಆದರೆ ಆ ಟಿಕೆಟ್ ವಿಷಯ ಕೇಳಿ ನಗು ಬಂತು. ನಮ್ಮ ಸೋದರಮಾವನ ಹೋಟೆಲ್‌ನಲ್ಲಿ ಇದು ದಿನಾ ಆಗುತ್ತಿತ್ತು. ಟೇಬಲ್ ನಾಲ್ಕರವನು ಮಸಾಲೆ ದೋಸೆ ಹೇಳುತ್ತಾನೆ, ಚೀಟಿ ಒಳಗೆ ಹೋಗುತ್ತದೆ. ಐದು ನಿಮಿಷಕ್ಕೆ "ಬೇಡ, ಟೈಮಾಯ್ತು" ಅಂತ ಎದ್ದುಬಿಡುತ್ತಾನೆ. ಅಷ್ಟರಲ್ಲಿ ದೋಸೆ ಕಾವಲಿಯ ಮೇಲೆ ಬಿದ್ದಾಗಿದೆ. ಭಟ್ಟರು ಒಳಗಿಂದ "ನಾಲ್ಕು ರೆಡೀ" ಅಂತ ಕೂಗುತ್ತಾರೆ. ಟೇಬಲ್ ಖಾಲಿ. ಈಗ ಆ ದೋಸೆ ಏನು ಮಾಡಬೇಕು ಅಂತ ಯಾರೂ ಮೊದಲೇ ಹೇಳಿಟ್ಟಿಲ್ಲ. ಹುಡುಗ ತಟ್ಟೆ ಹಿಡಿದು ನಡುವೆ ನಿಂತಿರುತ್ತಾನೆ. ನಿಮ್ಮ ಸಿಸ್ಟಂನಲ್ಲೂ ಎಲ್ಲೋ ಒಬ್ಬ ತಟ್ಟೆ ಹಿಡಿದು ನಿಂತಿದ್ದಾನೆ, ನೋಡಿ.

ವೆರ್ಣಾ_ಕಾರವಾರ

ಮಾಟುಂಗಾದವರ ದೋಸೆಯೇ ಇದರ ಉತ್ತರ ಅಂತ ನನಗೆ ಅನಿಸುತ್ತದೆ, ಅವರು ಒಪ್ಪದಿದ್ದರೂ.

ನಾನು ಗೋವಾದ ವೆರ್ಣಾದಲ್ಲಿ ಪ್ಯಾಕಿಂಗ್ ಮೆಷಿನ್‌ಗಳ ಕಂಟ್ರೋಲ್ ಸಾಫ್ಟ್‌ವೇರ್ ಬರೆಯುತ್ತೇನೆ. ನಮ್ಮಲ್ಲಿ ಸ್ಟೇಟ್ ಡಯಾಗ್ರಾಂ (ಯಾವ ಯಾವ ಸ್ಥಿತಿ ಇವೆ, ಯಾವಾಗ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ ಅನ್ನುವ ಚಿತ್ರ) ಇಲ್ಲದೆ ಕೆಲಸ ಶುರುವಾಗುವುದೇ ಇಲ್ಲ. ಯಾಕೆಂದರೆ ತಪ್ಪಾದರೆ ಬೆರಳು ಹೋಗುತ್ತದೆ. ಈ ಪದ್ಧತಿಯನ್ನು ಈಗಿನ ರೂಪಕ್ಕೆ ತಂದವರು ಡೇವಿಡ್ ಹರೆಲ್. ಯುದ್ಧವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿ ಅವರಿಗೆ ಹೊಳೆದದ್ದು, 1987ರಲ್ಲಿ ಪೇಪರ್ ಬಂತು, ಯುಎಂಎಲ್ ಅದನ್ನೇ ತೆಗೆದುಕೊಂಡಿತು. ಅವರು ಮಾಡಿದ ಉಪಾಯ ತುಂಬಾ ಸರಳ: ಒಂದು ಸ್ಥಿತಿಯ ಒಳಗೆ ಇನ್ನಷ್ಟು ಸ್ಥಿತಿಗಳನ್ನು ಇಡಬಹುದು. ನಮ್ಮ ಒಂದು ಮೆಷಿನ್‌ಗೆ ಹದಿನಾಲ್ಕು ಸ್ಥಿತಿಗಳಿವೆ. ಎಮರ್ಜೆನ್ಸಿ ಬಟನ್ ಒತ್ತಿದರೆ ಯಾವ ಸ್ಥಿತಿಯಲ್ಲಿದ್ದರೂ ನಿಲ್ಲಬೇಕು. ಹಳೇ ರೀತಿಯಲ್ಲಿ ಬರೆದರೆ ಹದಿನಾಲ್ಕು ಬಾಣ. ಎಲ್ಲವನ್ನೂ "ಓಡುತ್ತಿದೆ" ಅನ್ನುವ ದೊಡ್ಡ ಚೌಕದೊಳಗೆ ಹಾಕಿದರೆ ಆ ಚೌಕದ ಅಂಚಿನಿಂದ ಒಂದೇ ಬಾಣ. ನಾಳೆ ಹದಿನೈದನೇ ಸ್ಥಿತಿ ಸೇರಿದರೂ ಯಾರೂ ಬಾಣ ಮರೆಯುವಂತಿಲ್ಲ.

ನಿಮ್ಮ ಆರ್ಡರ್‌ಗೆ ಇದನ್ನು ಮಾಡಿ ನೋಡಿ. ಸ್ಥಿತಿಗಳು ಐದು ಅಂದುಕೊಳ್ಳೋಣ: ಹೊಸದು, ಹಣಕ್ಕೆ ಕಾಯುತ್ತಿದೆ, ಹಣ ಬಂತು, ರದ್ದು, ಹಣ ವಾಪಸ್. ನಡೆಯುವ ಘಟನೆಗಳು ನಾಲ್ಕು: ಗ್ರಾಹಕ ಪಾವತಿ ಶುರು ಮಾಡಿದ, ಹಣ ಬಂತೆಂದು ಪಾವತಿ ಕಡೆಯವರಿಂದ ಸುದ್ದಿ ಬಂತು, ಸಮಯ ಮೀರಿತು, ಗ್ರಾಹಕ ರದ್ದು ಮಾಡಿದ. ಮೊದಲು ಬಾಣ ಹಾಕಿ. ಸಾಮಾನ್ಯವಾಗಿ ಎಲ್ಲರೂ ಆರು ಬಾಣ ಹಾಕಿ ಮುಗಿಯಿತು ಅನ್ನುತ್ತಾರೆ. ಈಗ ಅದನ್ನೇ ಕೋಷ್ಟಕ ಮಾಡಿ, ಸ್ಥಿತಿ ಅಡ್ಡಸಾಲಿಗೆ, ಘಟನೆ ಕಂಬಸಾಲಿಗೆ. ಇಪ್ಪತ್ತು ಮನೆ ಆಗುತ್ತವೆ. ಆರು ತುಂಬಿವೆ, ಹದಿನಾಲ್ಕು ಖಾಲಿ.

ಆ ಹದಿನಾಲ್ಕರಲ್ಲಿ ಒಂದೊಂದರಲ್ಲೂ ಏನಾದರೂ ಬರೆಯಲೇಬೇಕು. "ಆಗಲು ಸಾಧ್ಯವೇ ಇಲ್ಲ", "ಬಂದರೂ ಬಿಟ್ಟುಬಿಡಿ", "ಹೀಗೆ ಮಾಡಿ", ಈ ಮೂರರಲ್ಲಿ ಒಂದು. ಏನೂ ಗೊತ್ತಿಲ್ಲದಿದ್ದರೆ ಕೆಂಪು ಪ್ರಶ್ನಾರ್ಥಕ ಚಿಹ್ನೆ. ಅರ್ಧ ಗಂಟೆಯ ಕೆಲಸ. ಕೋಡ್ ಓದುವಾಗ ಇರುವುದು ಮಾತ್ರ ಕಣ್ಣಿಗೆ ಬೀಳುತ್ತದೆ, ಬರೆಯದೇ ಬಿಟ್ಟದ್ದು ಕಾಣುವುದಿಲ್ಲ. ಈ ಕೋಷ್ಟಕದಲ್ಲಿ ಅದೇ ಮೊದಲು ಕಾಣುತ್ತದೆ. ನನ್ನ ಪ್ರಕಾರ ಚಿತ್ರ ಬರೆಯುವುದರ ಮುಕ್ಕಾಲು ಲಾಭ ಇಲ್ಲೇ ಇದೆ. ಬರೆದಾದ ಮೇಲೆ ಅದನ್ನು ಇಟ್ಟುಕೊಂಡರೂ ಸರಿ, ಮಾಟುಂಗಾದವರ ಹಾಗೆ ಒರೆಸಿದರೂ ಸರಿ.

ಹಿಂಜವಡಿ_ಹುಬ್ಬಳ್ಳಿ

ಅಕ್ಕಾರ, ಸರ್, ಇಬ್ಬರಿಗೂ ದೊಡ್ಡ ಥ್ಯಾಂಕ್ಸ್. ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಡೊಂಬಿವಲಿ ಸರ್ ಹೇಳಿದಂತೆ ಒಂದು ಟಿಕೆಟ್ ಹಿಡಿದೆ. ಲಾಗ್ ಕಲೆಹಾಕಲು ಒಂದು ಮಧ್ಯಾಹ್ನ ಪೂರ್ತಿ ಹೋಯಿತು, ಎರಡು ಸರ್ವಿಸ್‌ಗಳ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಸಮಯ), ಉಳಿದವು ನಮ್ಮ ಸಮಯದಲ್ಲಿ. ಐದೂವರೆ ಗಂಟೆ ಕೂಡಿಸಿ ಕೂಡಿಸಿ ತಲೆ ಕೆಟ್ಟಿತು. ಬರೆದ ಮೇಲೆ ಸಿಕ್ಕಿದ್ದು ಹೀಗೆ. ಗ್ರಾಹಕ ಹಣ ಕಟ್ಟಲು ಶುರು ಮಾಡಿದ. ಹತ್ತು ನಿಮಿಷಕ್ಕೆ ನಮ್ಮ ಟೈಮರ್ ಆರ್ಡರ್ ರದ್ದು ಮಾಡಿತು. ಹನ್ನೆರಡನೇ ನಿಮಿಷಕ್ಕೆ "ಹಣ ಬಂತು" ಅನ್ನುವ ಸುದ್ದಿ ಬಂತು.

ಆಮೇಲೆ ಕೋಷ್ಟಕ. "ರದ್ದು" ಸಾಲಿನಲ್ಲಿ "ಹಣ ಬಂತೆಂದು ಸುದ್ದಿ" ಮನೆ ಖಾಲಿ! ಕೋಡ್‌ಗೆ ಹೋಗಿ ನೋಡಿದರೆ, ಆರ್ಡರ್ "ಕಾಯುತ್ತಿದೆ" ಸ್ಥಿತಿಯಲ್ಲಿ ಇಲ್ಲದಿದ್ದರೆ ಒಂದು ಸಾಲು ಲಾಗ್ ಬರೆದು, ಕಳಿಸಿದವರಿಗೆ 200 (ಸರಿಯಾಗಿ ಸಿಕ್ಕಿತು ಅನ್ನುವ ಸಂಕೇತ) ಅಂತ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಅವರು ತಲುಪಿತು ಅಂದುಕೊಂಡು ಮತ್ತೆ ಕಳಿಸುವುದಿಲ್ಲ. ಹಣ ನಮ್ಮ ಹತ್ತಿರ, ಆರ್ಡರ್ ಕಸದ ಬುಟ್ಟಿಯಲ್ಲಿ. ಈ ಫೈಲನ್ನು ನಾನು ಮೂರು ತಿಂಗಳಲ್ಲಿ ಕಡಿಮೆ ಅಂದರೂ ಹತ್ತು ಸಲ ಓದಿದ್ದೆ ರೀ. ಪ್ರತಿ ಸಲ "ಹೌದು, ಸರಿ ಇದೆ" ಅಂತಲೇ ಅನಿಸಿತ್ತು.

ಆ ಮನೆಯಲ್ಲಿ ಈಗ "ರಿಫಂಡ್ ಶುರು ಮಾಡಿ" ಅಂತ ಬರೆದಿದ್ದೇವೆ, ಕೋಡ್‌ನಲ್ಲೂ. ಇನ್ನೂ ಮೂರು ಕೆಂಪು ಚಿಹ್ನೆ ಉಳಿದಿವೆ.

ಮ್ಯಾನೇಜರ್ ಮಾತ್ರ ಇನ್ನೂ ದೊಡ್ಡ ಚಿತ್ರವನ್ನೇ ಕೇಳುತ್ತಿದ್ದಾರೆ. ಅದಕ್ಕೇನು ಮಾಡಲಿ?

ಡೊಂಬಿವಲಿ_ಫಾಸ್ಟ್

ಭೇಷ್. ಆ ಐದೂವರೆ ಗಂಟೆಯ ಲೆಕ್ಕ ಎಲ್ಲರೂ ಒಂದು ಸಲ ಮಾಡಿರುತ್ತಾರೆ, ಬಿಡಿ.

ದೊಡ್ಡ ಚಿತ್ರಕ್ಕೆ ಸೈಮನ್ ಬ್ರೌನ್ ಅವರ ಸಿ4 ಮಾದರಿ ನೋಡಿ. ನಾಲ್ಕು ಮಟ್ಟ: ಕಾಂಟೆಕ್ಸ್ಟ್, ಕಂಟೇನರ್, ಕಾಂಪೊನೆಂಟ್, ಕೋಡ್. ನೀವು ಮೊದಲ ಎರಡನ್ನಷ್ಟೇ ಬರೆಯಿರಿ. ಕಾಂಟೆಕ್ಸ್ಟ್‌ನಲ್ಲಿ ನಿಮ್ಮ ಇಡೀ ಸಿಸ್ಟಂ ಒಂದೇ ಚೌಕ, ಸುತ್ತ ಅದನ್ನು ಬಳಸುವ ಜನ ಮತ್ತು ಹೊರಗಿನ ಸಿಸ್ಟಂಗಳು. ಕಂಟೇನರ್ ಮಟ್ಟದಲ್ಲಿ ನಿಮ್ಮ ಹನ್ನೊಂದು ಸರ್ವಿಸ್, ಡೇಟಾಬೇಸ್, ಕ್ಯೂ (ಸಂದೇಶಗಳು ಸಾಲಾಗಿ ಕಾಯುವ ಜಾಗ). ಇಲ್ಲಿ ಕಂಟೇನರ್ ಅಂದರೆ ಪ್ರೋಗ್ರಾಂಗಳನ್ನು ಪ್ಯಾಕ್ ಮಾಡಿ ಓಡಿಸುವ ಡಾಕರ್ ಟೂಲಿನ ಕಂಟೇನರ್ ಅಲ್ಲ, ಬೇರೆಯಾಗಿ ಓಡುವ ಒಂದು ಅಪ್ಲಿಕೇಶನ್ ಅಥವಾ ಡೇಟಾ ಇಡುವ ಜಾಗ. ಇವು ವಾರವಾರ ಬದಲಾಗುವುದಿಲ್ಲ, ಹಾಗಾಗಿ ಹಾಲು ಅಷ್ಟು ಬೇಗ ಒಡೆಯುವುದಿಲ್ಲ. ಒಳಗಿನ ಕ್ಲಾಸ್‌ಗಳ ಚಿತ್ರ ಬೇಕಾದಾಗ ಕೋಡ್ ಬರೆಯುವ ಟೂಲ್ ಆದ ಐಡಿಇಯಿಂದ ತೆಗೆಯಬಹುದು, ಅದನ್ನು ಯಾರೂ ಕೈಯಲ್ಲಿ ಬರೆದು ಸಾಕಬೇಕಾಗಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ, ಪ್ರತಿ ಬಾಣದ ಮೇಲೆ ಕ್ರಿಯಾಪದ ಬರೆಯಿರಿ. ಆರ್ಡರ್‌ನಿಂದ ಸ್ಟಾಕ್‌ಗೆ ಸುಮ್ನೆ ಒಂದು ಬಾಣ ಇದ್ದರೆ ಒಬ್ಬ "ಆರ್ಡರ್ ಸ್ಟಾಕನ್ನು ಕರೆಯುತ್ತದೆ" ಅಂತ ಓದುತ್ತಾನೆ, ಇನ್ನೊಬ್ಬ "ಡೇಟಾ ಆ ಕಡೆ ಹೋಗುತ್ತದೆ" ಅಂತ. ಸ್ಟಾಕ್‌ನಿಂದ ಲೆಕ್ಕ ಓದಿಕೊಳ್ಳುವಾಗ ಇವೆರಡೂ ಉಲ್ಟಾ ದಿಕ್ಕು. ನಮ್ಮಲ್ಲಿ ಇದೇ ಗೊಂದಲಕ್ಕೆ ಒಂದು ಗಂಟೆ ಮೀಟಿಂಗ್ ಹೋಗಿದೆ, ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು.

ವೆರ್ಣಾ_ಕಾರವಾರ

ಟೂಲ್ ವಿಷಯ: ಮರ್ಮೇಡ್ ಅಥವಾ ಪ್ಲಾಂಟ್‌ಯುಎಂಎಲ್. ಎರಡರಲ್ಲೂ ಚಿತ್ರವನ್ನು ಅಕ್ಷರದಲ್ಲೇ ಬರೆಯುತ್ತೀರಿ. ಎರಡು ಹೆಸರು, ನಡುವೆ ಬಾಣ, ಕೋಲನ್, ಆಮೇಲೆ ಹೇಳಬೇಕಾದ ಮಾತು. ಕೋಡ್ ಪಕ್ಕದಲ್ಲೇ ಫೈಲ್ ಇರುತ್ತದೆ, ರಿವ್ಯೂಗೆ ಜೊತೆಗೇ ಹೋಗುತ್ತದೆ, ಯಾವ ಬಾಣ ಬದಲಾಯಿತು ಅಂತ ಡಿಫ್‌ನಲ್ಲೇ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸದ ಪಟ್ಟಿ) ಕಾಣುತ್ತದೆ. ಕೋಡ್ ಇಡುವ ತಾಣ ಗಿಟ್‌ಹಬ್ 2022ರಿಂದ ಮರ್ಮೇಡನ್ನು ನೇರವಾಗಿ ಚಿತ್ರ ಮಾಡಿ ತೋರಿಸುತ್ತದೆ. ಚೌಕಗಳನ್ನು ನಮಗೆ ಬೇಕಾದ ಜಾಗದಲ್ಲಿ ಕೂರಿಸಲು ಆಗುವುದಿಲ್ಲ, ಅದೊಂದು ಕಿರಿಕಿರಿ. ಇಪ್ಪತ್ತು ಚೌಕ ದಾಟಿದರೆ ಗೆರೆಗಳು ನೂಡಲ್ಸ್ ಆಗುತ್ತವೆ. ಅಷ್ಟು ಹೊತ್ತಿಗೆ ಚಿತ್ರವನ್ನು ಎರಡು ಮಾಡಿ.

ಮಾಟುಂಗಾ_ಕೆಂಪುಚಟ್ನಿ

ಪಕ್ಷಾಂತರ ಮಾಡುವುದಿಲ್ಲ, ವೈಟ್‌ಬೋರ್ಡೇ ಸಾಕು. ಆ ಇಪ್ಪತ್ತು ಮನೆ ಕೋಷ್ಟಕ ಮಾತ್ರ ನಾಳೆ ನಮ್ಮ ಟೀಮ್‌ನಲ್ಲಿ ಕದಿಯುತ್ತೇನೆ.

ಹಿಂಜವಡಿ_ಹುಬ್ಬಳ್ಳಿ

ಕದಿಯಿರಿ ಸರ್. ನಮ್ಮ ಕೆಂಪು ಚಿಹ್ನೆ ಮೂರರಿಂದ ಎರಡಕ್ಕೆ ಇಳಿದಿದೆ. "ಹಣ ವಾಪಸ್" ಆದ ಮೇಲೆ ಮತ್ತೊಮ್ಮೆ "ಹಣ ಬಂತು" ಅಂತ ಸುದ್ದಿ ಬಂದರೆ ಏನು ಅರ್ಥ ಅಂತ ಪಾವತಿ ಕಡೆಯವರಿಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಅಂದಹಾಗೆ ಆ ಖಾಲಿ ಟೇಬಲ್‌ನ ದೋಸೆ ಕೊನೆಗೆ ಯಾರು ತಿನ್ನುತ್ತಿದ್ದರು?

ಮಾಟುಂಗಾ_ಕೆಂಪುಚಟ್ನಿ

ನಾನೇ. ಶಾಲೆಯಿಂದ ನೇರ ಅಲ್ಲಿಗೇ ಹೋಗುತ್ತಿದ್ದದ್ದು ಮತ್ಯಾಕೆ.